ಯಾರೂ ಹಿಂದೆ ಕರೆಯದ ಕಾವಲು

“ಮೌಸಿನಿಂದ ಕೈ ತೆಗೀರಿ, ರೂಪೇಶ್.”

ಪೂವಮ್ಮ ದನಿ ಏರಿಸಲಿಲ್ಲ. ಪೊಲೀಸ್ ಕೆಲಸದಲ್ಲಿದ್ದ ಕಾಲದಲ್ಲೂ ಅವಳಿಗೆ ದನಿ ಏರಿಸುವ ಅಭ್ಯಾಸ ಹತ್ತಿರಲಿಲ್ಲ. ಆದರೂ ರೂಪೇಶನ ಕೈ ಅರ್ಧದಲ್ಲೇ ನಿಂತಿತು.

“ಧೂಳು ಒರೆಸಿದ್ದು ಮಾರಾಯ್ರೆ. ಧೂಳು ಒರೆಸಿದ್ರೂ ಕೇಸಾ?”

“ಇಷ್ಟು ದಿನ ಇದ್ದ ಧೂಳಿಗೆ ಈಗ ಎಂತ ಅವಸರ?”

ಅವನು ನಕ್ಕು ಕೈ ಹಿಂದೆಳೆದುಕೊಂಡ. ನಗು ತುಟಿಯಲ್ಲಿ ಮಾತ್ರ ಇತ್ತು. ಕಣ್ಣು ಪರದೆಯ ಮೇಲೆಯೇ ಇತ್ತು.

ಪುತ್ತೂರು ಪೇಟೆಯ ಓಣಿಯೊಂದರಲ್ಲಿ, ಟಯರ್ ಅಂಗಡಿಯ ಮೇಲಿನ ಮಹಡಿಯೇ ರೂಪೇಶನ ಆಂಬುಲೆನ್ಸ್ ಆಫೀಸು. ಒಂದು ಮೇಜು, ಒಂದು ಹಳೆಯ ಕಂಪ್ಯೂಟರು, ಗಾಡಿಯ ಕೀ ನೇತುಹಾಕಲು ಗೋಡೆಗೆ ಹೊಡೆದ ಮೊಳೆಗಳು. ಮಧ್ಯಾಹ್ನದ ಬಿಸಿಲಿಗೆ ಕೆಳಗಿನಿಂದ ರಬ್ಬರಿನ ವಾಸನೆ ಮೇಲೇರಿ ಬರುತ್ತಿತ್ತು.

ಪರದೆಯ ಮೇಲೆ ನಕ್ಷೆ. ನಕ್ಷೆಯಲ್ಲಿ ಒಂದು ಕೆಂಪು ಚುಕ್ಕೆ. ಚುಕ್ಕೆಯ ತಲೆಯ ಮೇಲೆ ‘ಸಿದ್ದೀಕ್, ಎರಡನೇ ಗಾಡಿ’ ಎಂಬ ಅಕ್ಷರ. ಚುಕ್ಕೆ ನಿಂತದ್ದು ನೆಲ್ಯಾಡಿಯಲ್ಲಿ, ಹೆದ್ದಾರಿಯಿಂದ ತುಸು ಒಳಗೆ, ರಬ್ಬರ್ ತೋಟಗಳ ನಡುವೆ.

ಕಾಣಿಯೂರಿನ ಚನಿಯಪ್ಪನವರು ಎದೆನೋವೆಂದು ಈ ಆಫೀಸಿಗೆ ಫೋನು ಮಾಡಿ, ಮನೆಯಂಗಳಕ್ಕೆ ಬಂದ ಬಿಳಿ ಆಂಬುಲೆನ್ಸ್ ಹತ್ತಿ, ಯಾವ ಆಸ್ಪತ್ರೆಗೂ ತಲುಪದೆ ಹೋಗಿ ವಾರವಾಗುತ್ತ ಬಂದಿತ್ತು. ದಾರಿಯಲ್ಲಿ ನಡೆದು ಹೋಗುತ್ತಿದ್ದ ಹೆಂಗಸೊಬ್ಬಳಿಗೆ ಹೊಡೆದು ನಿಲ್ಲದೆ ಓಡಿದ ಬಿಳಿ ಗಾಡಿಯನ್ನು ಕಣ್ಣಾರೆ ಕಂಡವರು ಅವರೊಬ್ಬರೇ. ಮುಂದಿನ ತಿಂಗಳು ಅವರು ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾಗಿತ್ತು.

ಆ ದಿನ ಚನಿಯಪ್ಪನವರ ಮನೆಗೆ ಹೋಗಬೇಕಾಗಿದ್ದದ್ದು ಸಿದ್ದೀಕನ ಗಾಡಿ. ಅವನು ಸುಳ್ಯದಲ್ಲಿ ಒಬ್ಬ ರೋಗಿಯನ್ನು ಇಳಿಸಿ, ಬೆಳ್ಳಾರೆಯ ದಾರಿಯಾಗಿ ಕಾಣಿಯೂರಿಗೆ ಬಂದ. ತಾನು ಮುಟ್ಟುವಾಗ ಮನೆ ಖಾಲಿ ಇತ್ತು, ಮೊದಲೇ ಬೇರೆ ಗಾಡಿ ಬಂದು ಹೋಗಿತ್ತು ಎಂದು ಅವನು ಹೇಳುತ್ತಲೇ ಇದ್ದ. ಪೊಲೀಸರು ನಂಬಿದ್ದು ಈ ಪರದೆಯನ್ನು. ‘ಮುದುಕರನ್ನು ನೆಲ್ಯಾಡಿಯಲ್ಲಿ ಯಾರಿಗೋ ಒಪ್ಪಿಸಿ, ಖಾಲಿ ಗಾಡಿ ತಂದು ನಾಟಕ ಆಡಿದ್ದಾನೆ’ ಎಂದು ಎಸ್ಸೈ ಕುಶಾಲಪ್ಪ ಬರೆದರು. ಸಿದ್ದೀಕನನ್ನು ಒಳಗೆ ಹಾಕಿದರು. ಗಾಡಿಯ ಫೋನನ್ನು ಕಾಣಿಯೂರಿನಲ್ಲೇ ಕಿತ್ತು ಆರಿಸಿ, ಗಾಡಿಯನ್ನು ಠಾಣೆಯ ಅಂಗಳದಲ್ಲಿ ನಿಲ್ಲಿಸಿದರು. ಪರದೆಯ ಫೋಟೋ ತೆಗೆದುಕೊಂಡು, ತಜ್ಞರು ಬರುವವರೆಗೆ ಈ ಕಂಪ್ಯೂಟರನ್ನು ಆರಿಸಬಾರದು, ಮುಟ್ಟಬಾರದು ಎಂದು ರೂಪೇಶನಿಗೆ ತಾಕೀತು ಮಾಡಿ ಹೋದರು.

ನಾಳೆ ಸಿದ್ದೀಕನನ್ನು ಜೈಲಿಗೆ ಕಳಿಸುತ್ತಾರೆ. ಸಿದ್ದೀಕನ ತಾಯಿಯ ಮಾತಿಗೆ ವಿಚಾರಿಸಲು ಬಂದಿದ್ದ ಪೂವಮ್ಮನ ಕೈಯಲ್ಲಿದ್ದದ್ದು ಈ ಮಧ್ಯಾಹ್ನ ಮಾತ್ರ.

ರೂಪೇಶನ ಫೋನು ಗುಂಯ್‌ಗುಟ್ಟಿತು. ಅವನು ಹೆಸರು ನೋಡಿ, ಕಿವಿಗೆ ಹಿಡಿಯದೆ, ಮೆಟ್ಟಿಲಿಳಿದು ಹೋದ.

“ಪೂವಮ್ಮಕ್ಕ,” ಎಂದಳು ಮೇಜಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದ ಭವಿತಾ. ಪೇಟೆಯ ಅಂಗಡಿಗಳಿಗೆ ವೆಬ್ ಪೇಜು ಮಾಡಿಕೊಡುವ ಹುಡುಗಿ. ಈ ಪರದೆಯ ಪೇಜೂ ಅವಳದ್ದೇ. “ಚುಕ್ಕೆ ಹಾರಿದ್ದು ಯಾಕೆ ಅಂತ ಗೊತ್ತಾಯ್ತು.”

ಅದೇ ಪೂವಮ್ಮನನ್ನು ದಿನವಿಡೀ ಕೊರೆಯುತ್ತಿದ್ದ ವಿಷಯ. ರೂಪೇಶನೇ ಪೊಲೀಸರ ಮುಂದೆ ಹೇಳಿದ್ದ: ಚುಕ್ಕೆ ಬೆಳ್ಳಾರೆಯಲ್ಲಿತ್ತು, ಕಣ್ಣು ಮಿಟುಕಿಸುವುದರೊಳಗೆ ನೆಲ್ಯಾಡಿಗೆ ಹೋಯಿತು. ನೆಟ್ ಸರಿ ಇರಲಿಲ್ಲ ಎಂದು ಎಲ್ಲರೂ ಅದನ್ನು ದಾಟಿ ಹೋದರು. ಬೆಳ್ಳಾರೆಯಿಂದ ನೆಲ್ಯಾಡಿಗೆ ಹೊಳೆ ದಾಟಬೇಕು, ಕಾಡು ದಾಟಬೇಕು. ಆಂಬುಲೆನ್ಸಿಗೆ ಸೈರನ್ ಉಂಟು, ರೆಕ್ಕೆ ಇಲ್ಲ.

“ನೆಟ್ಟಿಂದಲ್ಲ ಅಕ್ಕ. ತಪ್ಪು ನಂದು.”

ಭವಿತಾಳ ಮುಖ ಬೆಳ್ಳಗಾಗಿತ್ತು.

“ನನಗೆ ತಲೆಗೆ ಹೋಗುವ ಹಾಗೆ ಹೇಳು ಮಾರಾಯ್ತಿ. ಮತ್ತೆ ಬೇಕಾದ್ರೆ ಅಳು.”

“ಇಲ್ಲಿ ಎರಡು ಸುದ್ದಿಗೆ ಕಾಯ್ಲಿಕ್ಕೆ ಉಂಟು. ರೂಪೇಶಣ್ಣ ಯಾವ ಗಾಡಿಯ ಹೆಸರು ಒತ್ತುತ್ತಾರೆ ಅಂತ ಒಂದು. ಒತ್ತಿದ ಗಾಡಿ ಎಲ್ಲಿ ಉಂಟು ಅಂತ ಇನ್ನೊಂದು. ಗಾಡಿಯೊಳಗೆ ಕಟ್ಟಿದ ಫೋನು, ಎಂಜಿನ್ ಓಡುವಾಗ ತಾನೆಲ್ಲಿದ್ದೇನೆ ಅಂತ ಹೇಳ್ತಾ ಇರ್ತದೆ. ಅದನ್ನು ಕೇಳ್ಲಿಕ್ಕೆ ಸಬ್‌ಸ್ಕ್ರೈಬ್ ಮಾಡುದು.”

“ವಾರಪತ್ರಿಕೆಗೆ ಚಂದಾ ಕಟ್ಟಿದ ಹಾಗೆ.”

“ಹಾಂ, ಹಾಗೇ. ಸಾಕು ಅಂತ ನಾವು ಹೇಳುವ ತನಕ ಅವರು ಕಳಿಸ್ತಾನೇ ಇರ್ತಾರೆ. ನಾನು ಎಂತ ಮಾಡಿದ್ದೇನೆ ಅಂದ್ರೆ, ಮೊದಲನೇ ಚಂದಾದ ಹೊಟ್ಟೆಯೊಳಗೆ ಎರಡನೇದನ್ನು ಬರೆದಿದ್ದೇನೆ. ಹೆಸರು ಒತ್ತಿದಾಗೆಲ್ಲ ಒಳಗೆ ಹೊಸದೊಂದು ಶುರು ಆಗ್ತದೆ. ಹಳೇದಕ್ಕೆ ಸಾಕು ಅಂತ ಹೇಳುವವರು ಯಾರೂ ಇಲ್ಲ.”

“ಅಂದ್ರೆ ಹಳೇದೂ ಬರ್ತಾ ಇರ್ತದೆ.”

“ಬರ್ತಾ ಇರ್ತದೆ. ಮೇಲೆ ಹೆಸರು ಹೊಸ ಗಾಡಿದು. ಚುಕ್ಕೆ ಮಾತ್ರ ಯಾರು ಕೊನೆಗೆ ಮಾತಾಡಿದ್ರೋ ಅವರದ್ದು.”

ಪೂವಮ್ಮ ಕಿಟಕಿಯ ಕಡೆ ತಿರುಗಿದಳು. ಅವಳಿಗೆ ಅರ್ಥವಾಯಿತು. ಬೇಡದಷ್ಟು ಚೆನ್ನಾಗಿ ಅರ್ಥವಾಯಿತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳನ್ನು ಮಫ್ತಿಯಲ್ಲಿ ಕಡಬದ ಒಂದು ಕೈಕಂಬದಲ್ಲಿ, ದಾರಿ ಕವಲೊಡೆಯುವಲ್ಲಿ, ನಿಲ್ಲಿಸಿದ್ದರು. ಒಬ್ಬ ಮನುಷ್ಯ ಬಸ್ಸಿನಿಂದ ಇಳಿದರೆ ತಿಳಿಸಬೇಕು, ಅಷ್ಟೇ. ಆ ಮನುಷ್ಯ ಬೇರೆಲ್ಲೋ ಸಿಕ್ಕಿದ. ಸಾಹೇಬರು ಅಲ್ಲಿಗೆ ಬೇರೆಯವರನ್ನು ಹಾಕಿದರು. ಇವಳಿಗೆ ಹೇಳಲು ಮಾತ್ರ ಮರೆತರು. ಕೊನೆಯ ಬಸ್ಸು ಹೋಯಿತು, ಹೋಟೆಲಿನವನು ಬೆಂಚು ಒಳಗೆ ಎಳೆದುಕೊಂಡ, ನಾಯಿಗಳು ಬಂದು ಅವಳ ಕಾಲ ಬಳಿಯೇ ಮಲಗಿದವು. ಅವಳು ನಿಂತೇ ಇದ್ದಳು. ಬೆಳಿಗ್ಗೆ ಠಾಣೆಗೆ ಹೋದಾಗ ಸಾಹೇಬರು, “ಅರೆ, ನೀನು ಅಲ್ಲೇ ಇದ್ಯಾ?” ಎಂದು ಕೇಳಿ, ಎಲ್ಲರೂ ನಕ್ಕರು. ಅವಳೂ ನಕ್ಕಿದ್ದಳು.

“ಹೀಗೆ ಬರೀಬಾರದು ಅಂತ ನಿನಗೆ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು. ಕಲಿಯುವಾಗ ಮೊದಲು ಹೇಳಿಕೊಡುದೇ ಅದನ್ನು. ಸ್ವಿಚ್‌ಮ್ಯಾಪ್ ಅಂತ ಒಂದು ಉಂಟು, ಹೊಸ ಚಂದಾ ಶುರು ಆಗುವಾಗ ಹಳೇದಕ್ಕೆ ಸಾಕು ಅಂತ ಹೇಳಿ ತಾನೇ ಮನೆಗೆ ಕಳಿಸ್ತದೆ. ಆದ್ರೆ ನಾನು ಒಂದೇ ಗಾಡಿ ಇಟ್ಟು ಪರೀಕ್ಷೆ ಮಾಡಿದ್ದು ಅಕ್ಕ. ಒಂದೇ ಗಾಡಿಯಲ್ಲಿ ಎಲ್ಲ ಸರಿಯೇ ಕಾಣ್ತಿತ್ತು.” ಅವಳು ಲ್ಯಾಪ್‌ಟಾಪನ್ನು ಅರ್ಧ ಮುಚ್ಚಿದಳು. “ನನ್ನ ಎರಡು ಸಾಲಿಂದ ಸಿದ್ದೀಕಣ್ಣ ಒಳಗೆ ಕೂತಿದ್ದಾರೆ.”

“ನಿನ್ನ ಸಾಲಿಂದ ಅಲ್ಲ. ಯಾರೋ ಒಬ್ಬ ಮುದುಕರನ್ನು ಕೊಂಡು ಹೋಗಿದ್ದಾನಲ್ಲ, ಅವನಿಂದ.” ಪೂವಮ್ಮ ಪರದೆಯ ಹತ್ತಿರ ಬಗ್ಗಿದಳು. “ಸಿದ್ದೀಕನ ಫೋನು ಕಾಣಿಯೂರಿನ ಆ ಗುಂಡಿಯಲ್ಲಿ ರೇಂಜ್ ಇಲ್ಲದೆ ಬಾಯಿ ಮುಚ್ಚಿತ್ತು. ಆಗ ಹೆದ್ದಾರಿಯಲ್ಲಿ ಒಳ್ಳೆ ರೇಂಜಿನಲ್ಲಿ ಇನ್ನೊಬ್ಬ ಮಾತಾಡಿದ. ಯಾರು ಅವನು?”

“ರೂಪೇಶಣ್ಣನಿಗೆ ಒಂದು ಅಭ್ಯಾಸ ಉಂಟು. ಫೋನ್ ಬಂದ ಕೂಡಲೇ ಹೆಸರನ್ನೆಲ್ಲ ಕೆಳಗಿಂದ ಮೇಲಕ್ಕೆ ಒಂದೊಂದೇ ಒತ್ತುತ್ತಾ ಬರುದು, ಯಾರು ಹತ್ತಿರ ಇದ್ದಾರೆ ನೋಡ್ಲಿಕ್ಕೆ.”

“ಆ ದಿನ ಒಂದನೇ ಗಾಡಿ ಇಲ್ಲೇ ಕೆಳಗೆ ನಿಂತಿತ್ತು. ಟಯರ್ ಅಂಗಡಿಯವರೂ ಹೇಳ್ತಾರೆ.”

“ನಿಂತ ಗಾಡಿಯ ಫೋನು ಮಾತಾಡುದಿಲ್ಲ.” ಭವಿತಾ ಪರದೆಯ ಪಕ್ಕದ ಹೆಸರುಗಳನ್ನು ಬೆರಳಿನಿಂದ ತೋರಿಸಿದಳು. ಒಂದನೇ ಗಾಡಿ, ಎರಡನೇ ಗಾಡಿ. “ಆದ್ರೆ ಅಕ್ಕ, ನಾನು ಮಾಡಿ ಕೊಟ್ಟಾಗ ಇಲ್ಲಿ ಮೂರು ಹೆಸರಿತ್ತು.”

ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು. ರೂಪೇಶ ಬಾಗಿಲಲ್ಲಿ ನಿಂತಿದ್ದ. ಎಷ್ಟು ಕೇಳಿಸಿಕೊಂಡನೋ ತಿಳಿಯಲಿಲ್ಲ.

“ಎಂತ, ಕ್ಲಾಸ್ ನಡೀತಾ ಉಂಟಾ?”

“ಹೌದು. ನಿಮಗೂ ಒಂದು ಪ್ರಶ್ನೆ ಉಂಟು,” ಎಂದಳು ಪೂವಮ್ಮ. “ಮೂರನೇ ಗಾಡಿ ಎಲ್ಲಿ?”

“ಮಾರಿದೆ.”

“ಯಾರಿಗೆ?”

“ಕೇರಳದವರಿಗೆ. ಹೆಸರೆಲ್ಲ ನೆನಪಿಲ್ಲ, ಬ್ರೋಕರ್ ಮುಖಾಂತರ. ಮಳೆಗಾಲಕ್ಕೆ ಮೊದಲೇ ಹೋಯ್ತು ಅದು.”

ಪೂವಮ್ಮ ಗೋಡೆಯ ಮೊಳೆಗಳ ಕಡೆ ಹೋದಳು. ಮೂರು ಮೊಳೆ. ಮೊದಲನೆಯದರಲ್ಲಿ ಕೀ ಇತ್ತು. ಎರಡನೆಯದರ ಕೀ ಠಾಣೆಯಲ್ಲಿ. ಮೂರನೆಯ ಮೊಳೆ ಬರಿದು. ಅವಳು ಬೆರಳಿನಿಂದ ಅದನ್ನು ಸವರಿದಳು. ಈ ಊರಿನ ಮಳೆಗಾಲದಲ್ಲಿ ಬಳಸದ ಮೊಳೆಗೆ ತುಕ್ಕು ಹಿಡಿಯಲು ಆಷಾಢ ಸಾಕು. ಈ ಮೊಳೆ ಮೊದಲೆರಡರ ಹಾಗೆಯೇ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು.

“ಮಾರಿದ ಗಾಡಿಯ ಹೆಸರನ್ನು ಇಲ್ಲಿಂದ ಯಾವಾಗ ತೆಗೆದ್ರಿ?”

“ಆಗಲೇ.”

“ಆಗಲೇ ಅಲ್ಲ ರೂಪೇಶಣ್ಣ,” ಎಂದಳು ಭವಿತಾ, ಮೇಜನ್ನು ನೋಡುತ್ತ. “ಹೋದ ವಾರ ನಾನು ಬಿಲ್ಲಿನ ಕೆಲಸಕ್ಕೆ ಬಂದಾಗ ಮೂರೂ ಇತ್ತು. ಚನಿಯಪ್ಪಣ್ಣ ಕಾಣೆಯಾದ ಮೇಲೆ ತೆಗೆದದ್ದು ನೀವು. ನನ್ನ ಪಾಸ್‌ವರ್ಡ್ ಬದಲಿಸಿದ್ದೂ ಅದೇ ಸಮಯಕ್ಕೆ.”

“ನೀನು ಸುಮ್ಮನಿರು. ಪೇಜ್ ಮಾಡ್ಲಿಕ್ಕೆ ಬರುದಿಲ್ಲ, ಸಾಕ್ಷಿ ಹೇಳ್ಲಿಕ್ಕೆ ಬರ್ತಾಳೆ.”

“ಅವಳನ್ನು ಬಿಡಿ, ನನ್ನ ಹತ್ರ ಮಾತಾಡಿ,” ಎಂದಳು ಪೂವಮ್ಮ. “ಗಾಡಿ ಕೇರಳಕ್ಕೆ ಹೋಗಿಲ್ಲ. ಆ ದಿನ ಚನಿಯಪ್ಪಣ್ಣನ ಫೋನು ಬಂದಾಗ ನಿಮ್ಮ ಕೈ ಅಭ್ಯಾಸಬಲದಿಂದ ಮೂರನೇ ಹೆಸರನ್ನೂ ಒತ್ತಿತು. ತಲೆ ಬೇಡ ಅಂದ್ರೂ ಕೈ ಕೇಳ್ಲಿಲ್ಲ. ಆಮೇಲೆ ಸಿದ್ದೀಕನ ಹೆಸರು ಒತ್ತಿದ್ರಿ. ಮೂರನೇದು ಹಿಂದೆಯೇ ಉಳಿಯಿತು.”

ರೂಪೇಶ ಕುರ್ಚಿಯ ಬೆನ್ನು ಹಿಡಿದು ನಿಂತ. ಆಮೇಲೆ ಅವನು ಅವಳ ಕಡೆ ನೋಡಿದ ರೀತಿ ಬದಲಾಯಿತು.

“ಪೂವಮ್ಮಕ್ಕ, ನೀವು ಮದುವೆಗೆ ಗಂಡು ವಿಚಾರಿಸುವವರು. ಯಾರು ಕುಡೀತಾನೆ, ಯಾರಿಗೆ ಹಳೇ ಸಂಬಂಧ ಉಂಟು, ಅಷ್ಟು ಸಾಕಲ್ವಾ? ಊರಿನ ಹುಡುಗಿಯರಿಗೆಲ್ಲ ವಿಚಾರಿಸಿ ಕೊಟ್ರಿ. ನಿಮಗೊಂದು ವಿಚಾರಿಸ್ಲಿಕ್ಕೆ ಮಾತ್ರ ಒಂದು ಜನ ಸಿಗ್ಲಿಲ್ಲ.”

ಭವಿತಾ ತಲೆ ತಗ್ಗಿಸಿದಳು. ಪೂವಮ್ಮ ತಗ್ಗಿಸಲಿಲ್ಲ. ಅವಳ ಕೆಲಸವೇ ಹಾಗಿತ್ತು. ಸಂಬಂಧ ನೋಡುವ ಮನೆಯವರು ಗುಟ್ಟಾಗಿ ಬಂದು ಹುಡುಗನ ಗುಣ ವಿಚಾರಿಸಿ ಕೊಡಲು ಹೇಳುವರು. ಮದುವೆಗೆ ಮಾತ್ರ ಕರೆಯರು. ಕರೆದರೆ ನಾಲ್ಕು ಜನ ನೋಡಿ, ಇವರು ವಿಚಾರಿಸಿದ್ದಾರೆ ಎಂದುಕೊಳ್ಳುತ್ತಾರಲ್ಲ. ಎಷ್ಟೋ ಮದುವೆಯ ದಿನ ಅವಳು ತನ್ನ ಬಾಡಿಗೆ ಕೋಣೆಯಲ್ಲಿ ಗಂಜಿ ಕುಡಿದು, ದೂರದ ವಾಲಗದ ಸದ್ದು ಕೇಳುತ್ತ, ಹುಡುಗಿ ಚೆನ್ನಾಗಿರಲಿ ಎಂದುಕೊಂಡದ್ದುಂಟು.

ಅವಳ ಕೋಣೆಗೆ ಬಂದು, ಕುಳಿತು, ಅವಳ ಜೊತೆ ಉಂಡವರು ಒಬ್ಬರೇ. ಸಿದ್ದೀಕನ ತಾಯಿ ಕುಂಞಿಪಾತುಮ್ಮ. ಮಗನನ್ನು ಹಿಡಿದ ಮಾರನೆಯ ದಿನ ಸವಣೂರಿನಿಂದ ಬಸ್ಸಿನಲ್ಲಿ ಬಂದಿದ್ದರು. ನನ್ನ ಮಗನನ್ನು ಬಿಡಿಸಿ ಕೊಡು ಎಂದು ಅತ್ತರು. ಅತ್ತು ಮುಗಿದ ಮೇಲೆ ಚೀಲದಿಂದ ತೆಳ್ಳಗಿನ ಅಕ್ಕಿರೊಟ್ಟಿ ತೆಗೆದು, “ಒಬ್ಬಳೇ ಎಂತ ತಿಂತೀಯಾ ಮೋಳೇ?” ಎಂದರು. ಬ್ಯಾರಿ ಭಾಷೆಯಲ್ಲಿ ಮಗಳನ್ನು ಕರೆಯುವ ಮಾತು ಅದು. ಅಂದಿನಿಂದ ದಿನಾ ಸಂಜೆ ಫೋನು. ಕೇಸಿನ ಸುದ್ದಿ ಕೇಳುವರು, ಆಮೇಲೆ ಊಟದ ಸುದ್ದಿ. ಫೋನು ಇಡಲು ಅವರಿಗೆ ಮನಸ್ಸೇ ಬರುತ್ತಿರಲಿಲ್ಲ. ಪೂವಮ್ಮನೇ, “ಇಡ್ತೇನೆ ಉಮ್ಮ,” ಎಂದು ಇಡಬೇಕಾಗುತ್ತಿತ್ತು.

“ಆಯ್ತಾ ನಿಮ್ಮದು?” ಎಂದಳು ಪೂವಮ್ಮ ರೂಪೇಶನಿಗೆ. “ಗಾಡಿ ಎಲ್ಲಿ?”

“ಮಾರಿದೆ ಅಂತ ಹೇಳಿದೆನಲ್ಲ! ನಿಮ್ಮ ಈ ಕಥೆಯನ್ನು ಎಸ್ಸೈ ನಂಬ್ತಾರಾ? ಚಂದಾ ಅಂತೆ, ಹೊಟ್ಟೆಯಂತೆ. ಚುಕ್ಕೆ ಎರಡನೇ ಗಾಡಿದು. ಗಾಡಿ ಠಾಣೆಯಲ್ಲಿ ಉಂಟು. ನೆಟ್ ಹೋಗಿ ಚುಕ್ಕೆ ನೆಲ್ಯಾಡಿಯಲ್ಲಿ ಸಿಕ್ಕಿ ಬಿದ್ದಿದೆ. ಒಂದು ರಿಫ್ರೆಶ್ ಕೊಟ್ರೆ ಎಲ್ಲ ಸರಿ ಆಗ್ತದೆ, ನೋಡಿ ಬೇಕಾದ್ರೆ.”

ಅವನ ಕೈ ಮತ್ತೆ ಮೌಸಿನ ಕಡೆ ಹೋಯಿತು. ಈ ಸಲ ತಡೆದವಳು ಭವಿತಾ. ಎರಡೂ ಕೈಯಿಂದ ಮೌಸನ್ನು ಮುಚ್ಚಿ ಹಿಡಿದಳು.

“ಬೇಡ! ಅಕ್ಕ, ಬಿಡ್ಬೇಡಿ ಅವರನ್ನು. ರಿಫ್ರೆಶ್ ಮಾಡಿದ್ರೆ ಹಳೇ ಚಂದಾ ಎಲ್ಲ ಹೋಗ್ತದೆ. ಮೂರನೇ ಹೆಸರು ಈಗ ಪಟ್ಟಿಯಲ್ಲಿ ಇಲ್ಲ, ಇನ್ನು ಅದನ್ನು ಒತ್ತಲಿಕ್ಕೆ ಆಗುದಿಲ್ಲ. ಮೂರನೇ ಗಾಡಿಯನ್ನು ಇನ್ನೂ ಕೇಳ್ತಾ ಇರುದು ಇಡೀ ಪ್ರಪಂಚದಲ್ಲಿ ಇದೊಂದೇ ಪೇಜು.”

ಪೂವಮ್ಮ ರೂಪೇಶನಿಗೂ ಮೇಜಿಗೂ ನಡುವೆ ಬಂದು ನಿಂತಳು.

ಪೊಲೀಸರು ಸಿದ್ದೀಕನ ಮೇಲಿನ ಸಾಕ್ಷಿಯೆಂದು ಕಾದಿರಿಸಿದ ಪರದೆ. ತಪ್ಪಿ ಬರೆದ ಎರಡು ಸಾಲು. ಮನೆಗೆ ಹೋಗು ಎಂದು ಯಾರೂ ಹೇಳದ್ದರಿಂದ, ಎಲ್ಲರೂ ಮರೆತ ಕೈಕಂಬದಲ್ಲಿ ಅದು ಇನ್ನೂ ನಿಂತಿತ್ತು, ಕಿವಿ ಕೊಟ್ಟು.

ಆಗಲೇ ಚುಕ್ಕೆ ಅಲುಗಿತು.

ಮೊದಲು ಭವಿತಾ ಕಂಡಳು. ಅವಳು ಉಸಿರೆಳೆದ ಸದ್ದಿಗೆ ಪೂವಮ್ಮ ತಿರುಗಿದಳು. ‘ಸಿದ್ದೀಕ್, ಎರಡನೇ ಗಾಡಿ’ ಎಂಬ ಅಕ್ಷರವನ್ನು ತಲೆಯ ಮೇಲೆ ಹೊತ್ತುಕೊಂಡೇ, ಕೆಂಪು ಚುಕ್ಕೆ ರಬ್ಬರ್ ತೋಟದಿಂದ ಹೊರಬಿತ್ತು. ಹೆದ್ದಾರಿಗೆ ಬಂತು. ಸ್ವಲ್ಪ ನಿಂತು, ಒಳರಸ್ತೆಗೆ ತಿರುಗಿತು.

“ಸಿದ್ದೀಕ್ ಲಾಕಪ್ಪಿನಲ್ಲಿ,” ಎಂದಳು ಪೂವಮ್ಮ ಮೆಲ್ಲಗೆ. “ಅವನ ಗಾಡಿ ಠಾಣೆಯ ಅಂಗಳದಲ್ಲಿ. ಅದರ ಫೋನು ಪೊಲೀಸರ ಕಪಾಟಿನಲ್ಲಿ. ಇದು ಯಾರು ಹೋಗುದು ರೂಪೇಶ್?”

ರೂಪೇಶನ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು.

ಪೂವಮ್ಮ ಎಸ್ಸೈಗೆ ಫೋನು ಮಾಡಿದಳು. ಬಹಳ ಹೊತ್ತು ರಿಂಗಾಯಿತು.

“ಎಂತ ಪೂವಮ್ಮ, ಈಗ ಕೋರ್ಟಿನ ಹತ್ರ ಇದ್ದೇನೆ. ಮದುವೆ ವಿಷಯವಾ?”

“ಚನಿಯಪ್ಪಣ್ಣನ ವಿಷಯ ಸರ್. ರೂಪೇಶನ ಆಫೀಸಿಗೆ ಬನ್ನಿ. ನೀವು ಫೋಟೋ ತೆಗೆದ ಚುಕ್ಕೆ ಓಡ್ತಾ ಉಂಟು.”

“ಓಡ್ತಾ ಉಂಟಾ? ಗಾಡಿ ನಮ್ಮ ಅಂಗಳದಲ್ಲಿ…” ಕುಶಾಲಪ್ಪ ಅರ್ಧಕ್ಕೆ ನಿಂತರು. ಆ ಮೌನದಲ್ಲಿ ಅವರಿಗೂ ವಿಷಯ ಹೊಳೆದದ್ದು ಅವಳಿಗೆ ಕೇಳಿಸಿತು. “ನೀವು ಸುಳ್ಳು ಹೇಳುವವರಲ್ಲ. ಬಂದೆ. ನನ್ನ ಕಣ್ಣಲ್ಲಿ ಕಾಣ್ಬೇಕು ಅದು. ಕಂಡ್ರೆ ನಾಳೆ ಹುಡುಗನನ್ನು ಜೈಲಿಗೆ ಕಳಿಸುದಿಲ್ಲ.”

ಅವಳು ಫೋನು ಇಡುವಷ್ಟರಲ್ಲಿ ಕರೆಂಟು ಹೋಯಿತು.

ಫ್ಯಾನು ನಿಧಾನವಾಗಿ ನಿಂತಿತು. ಮೇಜಿನ ಅಡಿಯಲ್ಲಿದ್ದ ಯುಪಿಎಸ್ ಪೀ, ಪೀ ಎಂದು ಕೂಗಲು ಶುರು ಮಾಡಿತು. ಪರದೆ ಇನ್ನೂ ಉರಿಯುತ್ತಿತ್ತು.

ರೂಪೇಶನ ಮುಖದಲ್ಲಿ ಅಂದು ಮೊದಲ ಸಲ ನಿಜವಾದ ನಗು ಬಂತು. “ಅದರ ಬ್ಯಾಟರಿ ಸೋತು ವರ್ಷ ಆಯ್ತು ಮಾರಾಯ್ರೆ. ಎಸ್ಸೈ ಬರುವ ತನಕ ನಿಲ್ಲುದಿಲ್ಲ. ನಾನು ಮುಟ್ಟುದೂ ಬೇಡ, ನೋಡಿ, ಕೈ ಕಟ್ಟಿ ನಿಂತಿದ್ದೇನೆ.”

ಭವಿತಾ ಕಿಟಕಿಗೆ ಓಡಿದಳು. “ಅದ್ರಾಮಣ್ಣಾ! ನಿಮ್ಮ ಇನ್ವರ್ಟರ್ ಉಂಟಲ್ವಾ? ಒಂದು ವಯರ್ ಮೇಲೆ ಬಿಸಾಡಿ!”

ಕೆಳಗಿನಿಂದ ಟಯರ್ ಅಂಗಡಿಯ ಅದ್ರಾಮನ ದನಿ ಬಂತು. “ಎಂತಕ್ಕೆ? ಮೊಬೈಲ್ ಚಾರ್ಜಿಗಾ?”

“ಸಿದ್ದೀಕಣ್ಣನಿಗೆ!”

ಮತ್ತೆ ಪ್ರಶ್ನೆ ಬರಲಿಲ್ಲ. ಎಕ್ಸ್‌ಟೆನ್ಷನ್ ವಯರಿನ ಸುರುಳಿ ಗಾಳಿಯಲ್ಲಿ ಹಾರಿ ಬಂದು ಕಿಟಕಿಯ ಸರಳಿಗೆ ಬಡಿಯಿತು, ಕೆಳಗೆ ಬಿತ್ತು. ಮತ್ತೊಮ್ಮೆ ಹಾರಿ ಬಂತು. ಭವಿತಾ ತೋಳು ಪೂರ್ತಿ ಹೊರಗೆ ಚಾಚಿ ಹಿಡಿದಳು. ಪೂವಮ್ಮ ಮೇಜಿನಡಿ ಮೊಣಕಾಲೂರಿ, ಯುಪಿಎಸ್‌ನ ಪಿನ್ನು ಗೋಡೆಯಿಂದ ಕಿತ್ತು, ವಯರಿನ ತುದಿಗೆ ಚುಚ್ಚಿದಳು. ಪೀ, ಪೀ ಎಂಬ ಕೂಗು ನಿಂತಿತು. ನೆಟ್ಟಿನ ಡಬ್ಬಿಯ ಹಸಿರು ದೀಪ ಮಿಣುಕುತ್ತಿತ್ತು.

ಮೇಲೆದ್ದು ನೋಡಿದಾಗ ಚುಕ್ಕೆ ಹಿಂದಿನ ಜಾಗದಲ್ಲಿರಲಿಲ್ಲ. ಒಳರಸ್ತೆಯಲ್ಲಿ ರೇಂಜ್ ಕಡಿಮೆ. ಹೆಜ್ಜೆ ತಪ್ಪಿದವರ ಹಾಗೆ ಅದು ಒಂದು ಕಡೆ ಬ‌ಹಳ ಹೊತ್ತು ನಿಂತು, ಒಮ್ಮೆಲೇ ಮುಂದೆ ಜಿಗಿಯುತ್ತಿತ್ತು. ಆಲಂಕಾರು ಬಂತು. ಮತ್ತೆ ಕಾಯುವ ಕೆಲಸ. ಎಸ್ಸೈ ಇನ್ನೂ ಬಂದಿರಲಿಲ್ಲ. ಕೋರ್ಟಿನಿಂದ ಹೊರಡಲು ಆಗಿಲ್ಲ, ಹೊರಟೆ, ಎಂದು ಎರಡು ಸಲ ಫೋನು ಬಂತು. ಬಿಸಿಲು ಕಿಟಕಿಯಿಂದ ಮೇಜಿಗೆ, ಮೇಜಿನಿಂದ ಗೋಡೆಗೆ ಏರಿತು.

“ಆಸ್ಪತ್ರೆಗೆ ಕೊಂಡು ಹೋಗುದಾ ಅವರನ್ನು?” ಭವಿತಾ ಪಿಸುಗುಟ್ಟಿದಳು. “ಬದುಕಿದ್ದಾರಲ್ವಾ ಅಕ್ಕ?”

“ಬದುಕಿರದೆ ಹೋದ್ರೆ ಹಗಲು ಹೊತ್ತಿನಲ್ಲಿ ಗಾಡಿ ತೆಗೀತಿರ್ಲಿಲ್ಲ,” ಎಂದಳು ಪೂವಮ್ಮ. ಅದು ತನಗೆ ತಾನೇ ಹೇಳಿಕೊಂಡ ಸಮಾಧಾನ ಎಂದು ಅವಳಿಗೆ ಗೊತ್ತಿತ್ತು.

ಶಾಂತಿಮೊಗರು ಸೇತುವೆ. ಚುಕ್ಕೆ ಹೊಳೆ ದಾಟಿತು. ದೊಡ್ಡ ರಸ್ತೆಗೆ ಬಂದು ಪುತ್ತೂರಿನ ದಿಕ್ಕಿಗೆ ತಿರುಗಿತು. ಪೂವಮ್ಮನ ಎದೆ ಹಗುರಾಯಿತು. ಪುತ್ತೂರಿಗೆ ಬರಲಿ, ಪೇಟೆಯೊಳಗೇ ಹಿಡಿಯಬಹುದು.

ಆದರೆ ಚುಕ್ಕೆ ಪುತ್ತೂರಿನವರೆಗೆ ಬರಲಿಲ್ಲ. ಸವಣೂರಿನ ಪೇಟೆ ದಾಟುವ ಮೊದಲೇ ಬಲಕ್ಕೆ ಹೊರಳಿತು. ಮಸೀದಿಯ ಹಿಂದಿನ ಕಿರಿದಾದ ದಾರಿ. ದಾರಿಯ ಕೊನೆಯಲ್ಲಿ ನಿಂತಿತು.

ರೂಪೇಶ ಕಟ್ಟಿದ್ದ ಕೈ ಬಿಟ್ಟ. “ಅಲ್ಲಿಗೆ ಯಾಕೆ?” ಎಂದ. ಅವರಿಗೆ ಹೇಳಿದ ಮಾತಲ್ಲ ಅದು. “ಅಲ್ಲಿಗೆ ಯಾಕೆ ಹೋಯ್ತು ಅದು? ಯಾರು ಹೇಳಿದ್ದು ಅಲ್ಲಿಗೆ ಹೋಗ್ಲಿಕ್ಕೆ?”

ಅವನ ದನಿಯಲ್ಲಿ ನಾಟಕ ಇರಲಿಲ್ಲ. ಹೆದರಿಕೆ ಇತ್ತು.

ಭವಿತಾ ನಕ್ಷೆಯನ್ನು ದೊಡ್ಡದು ಮಾಡಿದಳು. ಆಮೇಲೆ ಪೂವಮ್ಮನ ಮುಖ ನೋಡಿದಳು. “ಅಕ್ಕ, ಅದು ಸಿದ್ದೀಕಣ್ಣನ ಮನೆ ಅಲ್ವಾ?”

ಹೌದು. ಪೂವಮ್ಮ ಆ ಅಂಗಳದಲ್ಲಿ ಕೂತು ಚಹಾ ಕುಡಿದು ಬಂದಿದ್ದಳು. ಆ ದಾರಿಯ ಕೊನೆಗೆ ಬೇರೆ ಮನೆಯೇ ಇರಲಿಲ್ಲ.

ಅವಳು ಫೋನು ತೆಗೆದು ಕುಂಞಿಪಾತುಮ್ಮನಿಗೆ ಕರೆ ಮಾಡಿದಳು.

“ಉಮ್ಮ, ಎಲ್ಲಿದ್ದೀರಿ?”

“ಮನೆಯಲ್ಲೇ ಮೋಳೇ. ಬೇರೆ ಎಲ್ಲಿಗೆ ಹೋಗುದು?”

“ಜೊತೆಗೆ ಯಾರಿದ್ದಾರೆ?”

“ಯಾರಿರ್ತಾರೆ? ಮಗನನ್ನು ಪೊಲೀಸ್ ಹಿಡಿದ ಮೇಲೆ ಮಸೀದಿ ಹತ್ರದ ಮನೆಯವರೂ ಈಚೆ ಬರುದಿಲ್ಲ. ನಾನೂ ಕೋಳಿಗಳೂ.”

“ಈಗ ಅಂಗಳಕ್ಕೆ ಯಾವುದಾದ್ರೂ ಗಾಡಿ ಬಂತಾ?”

ಫೋನಿನೊಳಗೆ ಕೋಳಿಗಳು ಚೆದುರಿ ಕೂಗಿದವು.

“ಇಲ್ಲ ಮೋಳೇ. ಯಾವ ಗಾಡಿಯೂ ಬರ್ಲಿಲ್ಲ.”

ಆ ಮಾತಿನ ಹಿಂದೆಯೇ, ಫೋನಿನೊಳಗೆ ಸ್ಪಷ್ಟವಾಗಿ, ದೊಡ್ಡ ಗಾಡಿಯೊಂದು ಹಿಂದಕ್ಕೆ ಬರುವಾಗಿನ ಹಾರ್ನಿನ ರಾಗ ಕೇಳಿಸಿತು. ಬಾಗಿಲು ಸರಿಸಿದ ಸದ್ದು. ಯಾರೋ ಗಂಡಸು, “ತಲೆ ಕಡೆ ಹಿಡೀರಿ, ಮೆಲ್ಲ,” ಎಂದದ್ದು.

“ಉಮ್ಮ…”

“ಇಡ್ತೇನೆ ಮೋಳೇ,” ಎಂದರು ಕುಂಞಿಪಾತುಮ್ಮ. ಮೊದಲ ಸಲ ಅವರೇ ಫೋನು ಇಟ್ಟರು.

ಪೂವಮ್ಮ ಫೋನನ್ನು ಕಿವಿಯಲ್ಲೇ ಹಿಡಿದು ನಿಂತಳು. ಹೆದರಿಸಿ ಹೇಳಿಸಿದ ಮಾತೋ? ಅಥವಾ ಆ ರೊಟ್ಟಿ, ಆ ಸಂಜೆಯ ಫೋನುಗಳು, ಈ ಕೇಸಿನಲ್ಲಿ ತಾನು ಎಷ್ಟು ದೂರ ಬಂದಿದ್ದೇನೆಂದು ತಿಳಿದುಕೊಳ್ಳಲು ಮಾತ್ರವೋ? ಊರಿನ ಎಲ್ಲರ ಗುಣ ವಿಚಾರಿಸಿದವಳು ಆ ಒಬ್ಬ ಹೆಂಗಸಿನ ಬಗ್ಗೆ ಯಾರಲ್ಲೂ ಏನೂ ಕೇಳಿರಲಿಲ್ಲ. ಕೇಳಲು ಅವಳಿಗೆ ಮನಸ್ಸಾಗಿರಲಿಲ್ಲ.

ಕೆಳಗೆ ಜೀಪು ನಿಂತಿತು. ಬೂಟಿನ ಸದ್ದು ಮೆಟ್ಟಿಲೇರತೊಡಗಿತು.

“ಅಕ್ಕ,” ಭವಿತಾ ಅವಸರದಿಂದ ಅವಳ ತೋಳು ಹಿಡಿದಳು. “ಎಸ್ಸೈ ಬಂದ್ರು. ಸಿದ್ದೀಕಣ್ಣನ ಹೆಸರಿನ ಚುಕ್ಕೆ ಸಿದ್ದೀಕಣ್ಣನ ಮನೆಯಲ್ಲೇ ನಿಂತಿದೆ. ಇದನ್ನು ಕಂಡ್ರೆ ಅವರು ಎಂತ ತಿಳ್ಕೊಳ್ತಾರೆ? ತೋರಿಸುದಾ?”

ರೂಪೇಶ ಉತ್ತರಕ್ಕೆ ಕಾಯುತ್ತಿದ್ದ. ಪೂವಮ್ಮನ ಬಲಗೈ ಮೇಜಿನ ಮೇಲೆ, ಮೌಸಿನ ಪಕ್ಕದಲ್ಲೇ ಇತ್ತು. ಒಂದು ಸಲ ರಿಫ್ರೆಶ್ ಒತ್ತಿದರೆ ಸವಣೂರು ಇಲ್ಲ, ಆ ಮನೆ ಇಲ್ಲ. ಚನಿಯಪ್ಪನವರೂ ಇಲ್ಲ.

“ಹೂಂ ಪೂವಮ್ಮ,” ಎಂದರು ಕುಶಾಲಪ್ಪ, ಏದುಸಿರು ಬಿಡುತ್ತ ಬಾಗಿಲಿಗೆ ಬಂದು. “ಸ್ವಲ್ಪ ಆಚೆ ಸರಿಯಿರಿ, ಎಲ್ಲಿ ಉಂಟು ಚುಕ್ಕೆ?”

ಅವಳು ಪರದೆಗೆ ಬೆನ್ನು ಕೊಟ್ಟು ನಿಂತಿದ್ದಳು. ಸರಿಯಲಿಲ್ಲ.